ಬಾಕಿ ಬಟವಾಡೆಯ ದಾರಿ: ಹೆಬ್ಬಾಳದಿಂದ ಸುರಪುರ ಸೀಮೆಗೆ

ಭಾನುವಾರ, ಬೆಂಗಳೂರು

ಬೆಂಗಳೂರಿನಿಂದ ಯಾದಗಿರಿ ಜಿಲ್ಲೆಯ ಸುರಪುರಕ್ಕೆ ರಸ್ತೆಯಲ್ಲಿ ಹೋದರೆ 500 ಕಿಲೋಮೀಟರಿಗೂ ಹೆಚ್ಚು. ತುಮಕೂರು, ಶಿರಾ, ಹಿರಿಯೂರು, ಚಳ್ಳಕೆರೆ, ಬಳ್ಳಾರಿ, ಸಿರುಗುಪ್ಪ, ಸಿಂಧನೂರು, ಲಿಂಗಸುಗೂರು ದಾಟಿ, ತಿಂಥಣಿಯ ಹತ್ತಿರ ಕೃಷ್ಣೆಯ ಸೇತುವೆ ಹಾದರೆ ಸುರಪುರ ಸೀಮೆ ಬರುತ್ತದೆ. 2020ರ ಮಾರ್ಚ್ ಕೊನೆಯಲ್ಲಿ, ಕೊರೊನಾ ಲಾಕ್‌ಡೌನ್ ಬಿದ್ದಾಗ, ಊರಿಗೆ ಮರಳಲು ಈ ದಾರಿಯನ್ನು ಹಗಲು ಬಿಟ್ಟು ರಾತ್ರಿ ನಡೆದ ಕೂಲಿಕಾರರಿದ್ದಾರೆ. ತರಕಾರಿ ಲಾರಿಯ ಹಿಂದೆ ಚೀಲಗಳ ನಡುವೆ ಕುಳಿತು ಹೋದವರಿದ್ದಾರೆ. ಅರ್ಧ ದಾರಿಯಲ್ಲಿ ಪೊಲೀಸರ ಕೈಗೆ ಸಿಕ್ಕಿ, ಗೊತ್ತಿಲ್ಲದ ಊರಿನ ಹಾಸ್ಟೆಲಿನಲ್ಲಿ ವಾರಗಟ್ಟಲೆ ಉಳಿದವರೂ ಇದ್ದಾರೆ. ಮೂರು ವರ್ಷ ಕಳೆದ ಮೇಲೆ, 2023ರ ಯುಗಾದಿಯ ವಾರದಲ್ಲಿ, ಬಸ್ಸು ಹಿಡಿದು ಅಲ್ಲಲ್ಲಿ ಇಳಿಯುತ್ತಾ ಅದೇ ದಾರಿಯಲ್ಲಿ ಅವರ ಊರಿನವರೆಗೆ ಹೋಗಬೇಕೆಂದುಕೊಂಡೆ. ಲಾಕ್‌ಡೌನ್ ಮುಗಿದುಹೋದ ಸಂಗತಿ ಎಂದು ನನ್ನ ಸುತ್ತಲಿನ ಎಲ್ಲರೂ ಮಾತಾಡುತ್ತಿದ್ದರು. ಅವರ ಪಾಲಿಗೆ ಅದು ಮುಗಿದಿಲ್ಲ ಎಂಬ ಅನುಮಾನ ನನಗಿತ್ತು.

ಹೊರಡುವ ಮೊದಲು ಹೆಬ್ಬಾಳದಾಚೆಯ ಶೆಡ್ಡುಗಳಿಗೆ ಹೋದೆ. ತಗಡು, ನೀಲಿ ತಾಡಪಾಲು, ಹಳೆಯ ಫ್ಲೆಕ್ಸ್ ಬ್ಯಾನರು ಸೇರಿಸಿ ಕಟ್ಟಿಕೊಂಡ ಸಾಲುಗಳು. ಜಾಗದ ಮಾಲೀಕರಿಗೆ ಶೆಡ್ಡೊಂದಕ್ಕೆ ಇಷ್ಟು ಎಂದು ತಿಂಗಳ ಬಾಡಿಗೆ ಕಟ್ಟಬೇಕು, ಟ್ಯಾಂಕರಿನ ನೀರಿಗೆ ಬೇರೆ ದುಡ್ಡು. ಇಲ್ಲಿರುವವರಲ್ಲಿ ಹೆಚ್ಚಿನವರು ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಗುಳೆ ಬಂದವರು. ಗಂಡಸರು ಗೌಂಡಿಗಳು, ಸೆಂಟ್ರಿಂಗ್ ಕೆಲಸದವರು. ಹೆಂಗಸರು ಇಟ್ಟಿಗೆ, ಮರಳು, ಕಾಂಕ್ರೀಟು ಹೊರುತ್ತಾರೆ.

ಭಾನುವಾರವೆಂದರೆ ಬಟವಾಡೆ. ಮೇಸ್ತ್ರಿಗಳು ಹಾಜರಿ ಪುಸ್ತಕ ಹಿಡಿದು ಕುಳಿತಿದ್ದರು. ವಾರವಾರ ಪೂರ್ತಿ ಕೂಲಿ ಕೈಗೆ ಬರುವುದಿಲ್ಲ. ವಾರದ ಖರ್ಚಿಗೆ ಇಷ್ಟು ಎಂದು ಕೊಟ್ಟು, ಉಳಿದದ್ದನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಹಬ್ಬಕ್ಕೆ ಊರಿಗೆ ಹೊರಟಾಗ ಲೆಕ್ಕ ಚುಕ್ತಾ. ದುಡಿದ ಹಣ ಶೆಡ್ಡಿನಲ್ಲಿಟ್ಟುಕೊಂಡರೆ ಉಳಿಯುವುದಿಲ್ಲ, ಮೇಸ್ತ್ರಿಯ ಹತ್ತಿರ ಇದ್ದರೆ ಒಂದು ಗಂಟಾಗಿ ಊರಿಗೆ ಹೋಗುತ್ತದೆ ಎಂದು ಇವರೂ ಒಪ್ಪಿಕೊಂಡ ಪದ್ಧತಿ ಇದು. ಯುಗಾದಿ ಅಂದರೆ ವರ್ಷದ ದೊಡ್ಡ ಲೆಕ್ಕ.

2020ರಲ್ಲಿ ಯುಗಾದಿ ಮಾರ್ಚ್ 25ರ ಬುಧವಾರ ಬಂದಿತ್ತು. ಅದರ ಹಿಂದಿನ ಭಾನುವಾರ, 22ನೇ ತಾರೀಖು, ಜನತಾ ಕರ್ಫ್ಯೂ. ಬಟವಾಡೆ ಆಗಲಿಲ್ಲ. ಆ ಮಧ್ಯರಾತ್ರಿಯಿಂದಲೇ ಪ್ರಯಾಣಿಕರ ರೈಲುಗಳು ನಿಂತವು, ಹಿಂದೆಯೇ ಬಸ್ಸುಗಳೂ ನಿಂತವು. ಮಂಗಳವಾರ ರಾತ್ರಿ ಎಂಟಕ್ಕೆ ಪ್ರಧಾನಿಯವರ ಭಾಷಣ. ಅಂದೇ ಹನ್ನೆರಡರಿಂದ ಇಡೀ ದೇಶ ಬಂದ್. ಮಧ್ಯೆ ಇದ್ದದ್ದು ನಾಲ್ಕು ಗಂಟೆ.

"ಆವತ್ತು ನಮ್ಮಿಬ್ಬರದೂ ಸೇರಿ ಪುಸ್ತಕದಲ್ಲಿ 38 ಸಾವಿರ ಇತ್ತು, ಅಕ್ಕಾ," ಎಂದಳು ಒಬ್ಬ ಹೆಣ್ಣುಮಗಳು. ಮಾತಾಡುತ್ತಲೇ ಚೀಲ ಕಟ್ಟುತ್ತಿದ್ದಳು. ಅವಳೂ ಅವಳ ಗಂಡನೂ ಮಗಳೂ ಆ ರಾತ್ರಿಯೇ ಬಸ್ಸಿಗೆ ಊರಿಗೆ ಹೋಗುವವರಿದ್ದರು. "ಕೈಯಲ್ಲಿ ಇದ್ದದ್ದು ಎಂಟು ನೂರು. ಮೇಸ್ತ್ರಿಗೆ ಫೋನು ಮಾಡಿದರೆ, ಬಿಲ್ಡರು ಕೊಟ್ಟರೆ ತಾನೆ ನಾನು ಕೊಡುವುದು ಅಂದ. ಬಿಲ್ಡರ ಆಫೀಸಿಗೆ ಬೀಗ."

"ಆಮೇಲೆ ಬಂತೇ ಆ ಹಣ?" ಎಂದು ಕೇಳಿದೆ.

"ಊರಿಗೆ ಬರುತ್ತೀರಲ್ಲ, ಅಲ್ಲಿಯೇ ಕೇಳಿರಿ. ಮೇಸ್ತ್ರಿ ನಮ್ಮೂರಿನವನೇ."

2020ರ ಏಪ್ರಿಲಿನಲ್ಲಿ ನಾನು ಪಡಿತರ ಹಂಚುವ ಸ್ವಯಂಸೇವಕರ ಗುಂಪೊಂದರಲ್ಲಿ ಫೋನು ಎತ್ತುತ್ತಿದ್ದೆ. ಕರೆ ಮಾಡಿದವರು ಅಕ್ಕಿ ಬೇಳೆಗಿಂತ ಮೊದಲು ಮೊಬೈಲಿಗೆ ರೀಚಾರ್ಜ್ ಮಾಡಿಸಿಕೊಡಿ ಎನ್ನುತ್ತಿದ್ದರು. ಊರಿನ ಜೊತೆ ಮಾತು ನಿಂತರೆ ತಾವು ಬದುಕಿರುವುದೇ ಮನೆಯವರಿಗೆ ತಿಳಿಯದು ಎಂಬ ಹೆದರಿಕೆ. ಎರಡನೆಯದಾಗಿ ಕೇಳುತ್ತಿದ್ದದ್ದು ಬಾಕಿ ಕೂಲಿ. ರೇಷನ್ ಕಾರ್ಡು ಊರಲ್ಲಿ ಅತ್ತೆಯ ಬಳಿ, ಅಕ್ಕಿ ಅಲ್ಲಿಯೇ ಇಳಿಯುತ್ತದೆ. ಲೇಬರ್ ಕಾರ್ಡು ಮಾಡಿಸಿದ್ದರೆ ಅದರ ಅವಧಿ ಮುಗಿದಿದೆ; ಹೊಸದಾಗಿ ಮಾಡಿಸಲು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದಕ್ಕೆ ದೃಢೀಕರಣ ಬೇಕು, ಸಹಿ ಹಾಕುವವರಿಲ್ಲ. ಆಗ ಸ್ಟ್ರಾಂಡೆಡ್ ವರ್ಕರ್ಸ್ ಆ್ಯಕ್ಷನ್ ನೆಟ್‌ವರ್ಕ್ ಎಂಬ ಸ್ವಯಂಸೇವಕರ ಜಾಲ ದೇಶದಾದ್ಯಂತ ಸುಮಾರು 11 ಸಾವಿರ ಕಾರ್ಮಿಕರೊಡನೆ ಮಾತಾಡಿ ವರದಿ ಮಾಡಿತ್ತು. ಲಾಕ್‌ಡೌನಿನ ದಿನಗಳ ಕೂಲಿ ಮಾಲೀಕರಿಂದ ಸಿಗದವರು ನೂರಕ್ಕೆ 89, ಸರ್ಕಾರದ ಪಡಿತರ ತಲುಪದವರು ನೂರಕ್ಕೆ 96. ನನ್ನ ಫೋನಿನಲ್ಲಿ ಕೇಳುತ್ತಿದ್ದ ದನಿಗಳಿಗೂ ಆ ಅಂಕಿಗಳಿಗೂ ವ್ಯತ್ಯಾಸವಿರಲಿಲ್ಲ.

ಸೋಮವಾರ, ತುಮಕೂರು ರಸ್ತೆಯಿಂದ ಚಳ್ಳಕೆರೆ

ಬೆಳಗಿನ ಬಸ್ಸಿನಲ್ಲಿ ಹೊರಟೆ. ಮಾದಾವರದ ವಸ್ತುಪ್ರದರ್ಶನ ಕೇಂದ್ರ ದಾಟುವಾಗ ಪಕ್ಕದ ಸೀಟಿನ ಹುಡುಗ, ಸಿಂಧನೂರಿನ ಕಡೆಯವನು, "ಇಲ್ಲಿಯೇ ಬಿಹಾರದವರನ್ನೆಲ್ಲ ಕೂಡಿಹಾಕಿದ್ದರು," ಎಂದ. ವಲಸೆ ಕಾರ್ಮಿಕರನ್ನು ಅವರವರ ರಾಜ್ಯಕ್ಕೆ ಒಯ್ಯಲು ಬಿಟ್ಟ ಶ್ರಮಿಕ ರೈಲಿಗೆ ಕಾಯುವವರನ್ನು ಉಳಿಸಿದ್ದ ಜಾಗಗಳಲ್ಲಿ ಅದೂ ಒಂದು.

ಆ ರೈಲುಗಳ ಕಥೆ ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಮೇ 1ರಂದು ತೆಲಂಗಾಣದ ಲಿಂಗಂಪಲ್ಲಿಯಿಂದ ಜಾರ್ಖಂಡಿನ ಹಟಿಯಾಕ್ಕೆ ಮೊದಲ ಶ್ರಮಿಕ ರೈಲು ಹೊರಟಿತು. ಬೆಂಗಳೂರಿನಿಂದಲೂ ಕೆಲವು ಹೊರಟವು. ಮೇ 5ರಂದು ರಾಜ್ಯ ಸರ್ಕಾರ ಕಟ್ಟಡ ನಿರ್ಮಾಣ ಕಂಪನಿಗಳವರ ಜೊತೆ ಸಭೆ ನಡೆಸಿತು. ಅದರ ಹಿಂದೆಯೇ, ರೈಲು ಬೇಡ ಎಂಬ ಪತ್ರ ರೈಲ್ವೆಗೆ ಹೋಯಿತು. ಕೆಲಸ ಮತ್ತೆ ಶುರುವಾಗುತ್ತದೆ, ಆಳುಗಳು ಹೊರಟುಹೋದರೆ ಕಟ್ಟುವವರು ಯಾರು ಎಂಬುದು ಅದರ ಹಿಂದಿನ ಲೆಕ್ಕ. ದೇಶದೆಲ್ಲೆಡೆಯಿಂದ ಛೀಮಾರಿ ಬಂದ ಮೇಲೆ ಮೂರು ದಿನದಲ್ಲಿ ರೈಲುಗಳು ಮತ್ತೆ ಹೊರಟವು. ಊರಿಗೆ ಹೋಗಬೇಕು ಎಂದು ಒಬ್ಬ ಮನುಷ್ಯ ಹೇಳಿದರೆ ಹೋಗಲು ಬಿಡಬೇಕೋ ಬೇಡವೋ ಎಂಬುದನ್ನು ಅವನಿಗೆ ಕೂಲಿ ಬಾಕಿ ಇಟ್ಟವರ ಜೊತೆ ಕುಳಿತು ಚರ್ಚಿಸಿದ ವಾರ ಅದು.

ನಮ್ಮ ರಾಜ್ಯದೊಳಗೇ ಇರುವವರ ಪಾಡು ಬೇರೆ ಬಗೆಯದು. ಆಗ ಜಾರಿಯಲ್ಲಿದ್ದ 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಹೆಸರೇ ಹೇಳುವಂತೆ ರಾಜ್ಯದ ಗಡಿ ದಾಟಿ ಬಂದವರಿಗೆ. ಬೆಂಗಳೂರಿಗೆ ಕೂಗಳತೆಯ, ತಮಿಳುನಾಡಿನ ಹೊಸೂರಿನಿಂದ ಗುತ್ತಿಗೆದಾರನ ಮೂಲಕ ಬಂದವನಿಗೆ ಆ ಕಾಯ್ದೆ ಅನ್ವಯಿಸಬಹುದಿತ್ತು, 500 ಕಿಲೋಮೀಟರ್ ದೂರದ ಸುರಪುರದವನಿಗೆ ಅನ್ವಯಿಸುತ್ತಿರಲಿಲ್ಲ. ಸರ್ಕಾರಿ ಕಡತದಲ್ಲಿ ಅವನು ವಲಸಿಗನೇ ಆಗಿರಲಿಲ್ಲ. ಬಸ್ಸುಗಳು ಬಿಟ್ಟದ್ದೂ ಮೇ ತಿಂಗಳಲ್ಲಿ. ಮೆಜೆಸ್ಟಿಕ್ಕಿನಲ್ಲಿ ಮೊದಲು ದುಬಾರಿ ಟಿಕೆಟ್ ಕೇಳಿದರು. ಮಕ್ಕಳು ಮರಿ ಕಟ್ಟಿಕೊಂಡು ಬಂದವರು ನಿಲ್ದಾಣದಲ್ಲೇ ಕುಳಿತರು. ಮೇ 3ರಿಂದ ಉಚಿತವಾಯಿತು. ಅಲ್ಲಿಯವರೆಗೆ ಐದು ವಾರ ಅವರು ಏನು ತಿಂದಿರಬೇಕು ಎಂಬ ಪ್ರಶ್ನೆಗೆ ಟಿಕೆಟಿನ ದರ ನಿಗದಿ ಮಾಡಿದವರು ಉತ್ತರ ಹುಡುಕಿರಲಿಕ್ಕಿಲ್ಲ.

ಹಿರಿಯೂರಿನಲ್ಲಿ ಇಳಿದೆ. ಪುಣೆ ಹೆದ್ದಾರಿ ಬಿಟ್ಟು ಬಳ್ಳಾರಿಯ ಕಡೆ ತಿರುಗುವ ಜಾಗ ಇದು. ನಡೆದು ಬಂದವರೆಲ್ಲ ಇಲ್ಲಿಗೆ ಬಂದು ಬಲಕ್ಕೆ ಹೊರಳಲೇಬೇಕು. ಹೆದ್ದಾರಿಯ ಪಕ್ಕ ಪಂಕ್ಚರ್ ಅಂಗಡಿ ಇಟ್ಟಿರುವ ಒಬ್ಬರು ಚಹಾ ತರಿಸಿ ಕೂರಿಸಿದರು. ಆ ದಿನಗಳಲ್ಲಿ ಅಂಗಡಿ ತೆರೆಯುವಂತಿರಲಿಲ್ಲ, ಆದರೆ ಮನೆ ಹಿಂದೆಯೇ ಇತ್ತು. ರಾತ್ರಿ ಹತ್ತರ ಮೇಲೆ ನಾಯಿ ಬೊಗಳಿತೆಂದರೆ ಜನ ಬಂದರೆಂದು ಗೊತ್ತಾಗುತ್ತಿತ್ತಂತೆ. ಕೊಳಾಯಿಯ ಹತ್ತಿರ ಕೊಡ ತುಂಬಿ ಇಡುತ್ತಿದ್ದರು. "ಅನ್ನ ಬೇಡ ಎನ್ನುತ್ತಿದ್ದರು ಮೇಡಂ, ರೊಟ್ಟಿ ಇದೆ ಎನ್ನುತ್ತಿದ್ದರು. ಕಾಲಿಗೆ ಹಚ್ಚಲು ಏನಾದರೂ ಇದ್ದರೆ ಕೊಡಿ ಎಂದು ಕೇಳುತ್ತಿದ್ದರು. ನನ್ನಲ್ಲಿ ಇದ್ದದ್ದು ಗ್ರೀಸು, ಕೊಬ್ಬರಿ ಎಣ್ಣೆ."

ಖಡಕ್ ರೊಟ್ಟಿ ತಿಂಗಳು ಇಟ್ಟರೂ ಕೆಡುವುದಿಲ್ಲ. ಹೊರಡುವ ಹಿಂದಿನ ರಾತ್ರಿ ಶೆಡ್ಡುಗಳಲ್ಲಿ ಉಳಿದ ಜೋಳದ ಹಿಟ್ಟನ್ನೆಲ್ಲ ತಟ್ಟಿ, ಬೇಯಿಸಿ, ಶೇಂಗಾ ಚಟ್ನಿಯ ಜೊತೆ ಬಟ್ಟೆಯಲ್ಲಿ ಕಟ್ಟಿಕೊಂಡರಂತೆ. ಅವರು ಹೊರಟದ್ದು ದಿಕ್ಕು ತೋಚದೆ ಅಲ್ಲ. ಎಷ್ಟು ದಿನದ ದಾರಿ, ಎಷ್ಟು ರೊಟ್ಟಿ ಬೇಕು, ಮಗುವನ್ನು ಯಾರು ಎಷ್ಟು ಹೊತ್ತು ಹೊರಬೇಕು ಎಂದು ಲೆಕ್ಕ ಹಾಕಿಯೇ ಹೊರಟಿದ್ದರು. ಟಿವಿಯಲ್ಲಿ ಅವರನ್ನು ತೋರಿಸುವಾಗ ತಿಳಿವಳಿಕೆ ಇಲ್ಲದ ಜನ ಎಂಬ ಮಾತು ಬರುತ್ತಿತ್ತು. ಯೋಜನೆ ಇಲ್ಲದೆ ನಡೆದುಕೊಂಡವರು ಈ ರಸ್ತೆಯ ಮೇಲೆ ಇರಲಿಲ್ಲ.

ಮಾರ್ಚ್ 29ರಂದು ಕೇಂದ್ರ ಗೃಹ ಇಲಾಖೆ ಆದೇಶ ಹೊರಡಿಸಿತು. ಕಾರ್ಮಿಕರಿಗೆ ಕೂಲಿ ಕಡಿತ ಮಾಡಬಾರದು, ಬಾಡಿಗೆಗೆ ಒತ್ತಾಯಿಸಬಾರದು, ಗಡಿಗಳನ್ನು ಮುಚ್ಚಬೇಕು, ರಸ್ತೆಗಿಳಿದವರನ್ನು ಹತ್ತಿರದ ಆಶ್ರಯಕ್ಕೆ ಸೇರಿಸಬೇಕು. ಈ ನಾಲ್ಕರಲ್ಲಿ ಬಿಗಿಯಾಗಿ ಜಾರಿಯಾದದ್ದು ಕೊನೆಯ ಎರಡು. ಹೆದ್ದಾರಿ ಪಕ್ಕದ ಒಂದು ವಿದ್ಯಾರ್ಥಿ ನಿಲಯದಲ್ಲಿ ಆಗ ಅಡುಗೆ ಮಾಡುತ್ತಿದ್ದ ಹೆಂಗಸನ್ನು ಭೇಟಿಯಾದೆ. ಊಟಕ್ಕೆ ಕೊರತೆ ಆಗಲಿಲ್ಲ ಎಂದರು. ಊರಿನ ವರ್ತಕರು ಬೇಳೆ, ಎಣ್ಣೆ ಕಳಿಸುತ್ತಿದ್ದರಂತೆ. ಆದರೆ ಊಟ ಮಾಡಿದವರು ಸುಮ್ಮನೆ ಕೂರಲಾರದೆ ಕಾಂಪೌಂಡು ಗುಡಿಸುವುದು, ಒಡೆದ ಮೆಟ್ಟಿಲಿಗೆ ಸಿಮೆಂಟು ಹಚ್ಚುವುದು, ನಲ್ಲಿ ಸರಿಪಡಿಸುವುದು ಮಾಡುತ್ತಿದ್ದರು. "ಇನ್ನೊಬ್ಬರ ಅನ್ನ ಎಷ್ಟು ದಿನ ತಿನ್ನುವುದು ಎಂದು ಒಬ್ಬರು ದಿನಾ ಅಳುತ್ತಿದ್ದರು. ಅವರೇ ಹಿಂದಿನ ಗೋಡೆಗೆ ಗಿಲಾವು ಮಾಡಿಕೊಟ್ಟು ಹೋದರು." ಗೋಡೆ ತೋರಿಸಿದರು. ಕೈ ಪಳಗಿದ ಗೌಂಡಿಯ ಕೆಲಸ, ಎಲ್ಲಿಯೂ ಬಿರುಕಿಲ್ಲ.

ಸಂಜೆ ಚಳ್ಳಕೆರೆಯಲ್ಲಿ ಉಳಿದೆ.

ಮಂಗಳವಾರ, ಬಳ್ಳಾರಿಯಿಂದ ತಿಂಥಣಿ

ಬೆಳಗ್ಗೆ ಬೇಗ ಬಳ್ಳಾರಿಯ ಬಸ್ಸು. ರಾಂಪುರದ ಆಚೆ ನೆರಳೇ ಇಲ್ಲದ ಬಯಲು. ಮಾರ್ಚಿನ ಬಿಸಿಲು ಹತ್ತು ಗಂಟೆಗೇ ಕಣ್ಣು ಬಿಡಲು ಆಗದಷ್ಟು.

2020ರ ಏಪ್ರಿಲ್ ಮೊದಲ ವಾರದಲ್ಲಿ, ಬೆಂಗಳೂರಿನಿಂದ ನಡೆದು ಹೊರಟಿದ್ದ ಕಟ್ಟಡ ಕೆಲಸದ ಹೆಣ್ಣುಮಗಳೊಬ್ಬಳು ಬಳ್ಳಾರಿಯಲ್ಲಿ ತೀರಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಅಂಥವರು ದೇಶದಲ್ಲಿ ಎಷ್ಟು ಮಂದಿ? ಮೇ 8ರ ನಸುಕಿನಲ್ಲಿ ಔರಂಗಾಬಾದ್ ಬಳಿ ಹಳಿಯ ಮೇಲೆ ಮಲಗಿದ್ದ 16 ಕಾರ್ಮಿಕರ ಮೇಲೆ ಗೂಡ್ಸ್ ರೈಲು ಹರಿಯಿತು. ಅದು ದೇಶಕ್ಕೆಲ್ಲ ಗೊತ್ತಾಯಿತು. ಉಳಿದವರದು ಗೊತ್ತಿಲ್ಲ. ಸೆಪ್ಟೆಂಬರಿನಲ್ಲಿ ಲೋಕಸಭೆಯಲ್ಲಿ ಕೇಳಿದಾಗ, ಒಂದು ಕೋಟಿಗೂ ಹೆಚ್ಚು ಕಾರ್ಮಿಕರು ತವರು ರಾಜ್ಯಗಳಿಗೆ ಮರಳಿದ್ದಾರೆ, ಆದರೆ ಸತ್ತವರ ಮಾಹಿತಿ ಇಟ್ಟಿಲ್ಲ ಎಂದು ಕಾರ್ಮಿಕ ಸಚಿವಾಲಯ ಉತ್ತರ ಕೊಟ್ಟಿತು. ಶ್ರಮಿಕ ರೈಲುಗಳಲ್ಲಿ 97 ಜನ ಸತ್ತರೆಂದು ಅದೇ ಅಧಿವೇಶನದಲ್ಲಿ ರಾಜ್ಯಸಭೆಗೆ ತಿಳಿಸಲಾಯಿತು. ರೈಲು ಹತ್ತಿದವರಿಗೆ ಒಂದು ಲೆಕ್ಕವಾದರೂ ಸಿಕ್ಕಿತು. ರಸ್ತೆಯಲ್ಲಿ ಸತ್ತವರನ್ನು ಎಣಿಸದೆ ಬಿಟ್ಟಿದ್ದರಿಂದ ಅವರ ಮನೆಯವರು ಪರಿಹಾರ ಕೇಳಲು ಒಂದು ಪಟ್ಟಿಯೂ ಇಲ್ಲದಂತಾಯಿತು. ಇದು ನನಗೆ ಕ್ಷಮಿಸಲಾಗದ ಸಂಗತಿ.

ಬಳ್ಳಾರಿಯಿಂದ ಸಿರುಗುಪ್ಪದವರೆಗೆ ಮೆಣಸಿನಕಾಯಿ ಲಾರಿಯೊಂದರಲ್ಲಿ ಕುಳಿತೆ. ಚಾಲಕರು ಐವತ್ತು ದಾಟಿದವರು. ಲಾಕ್‌ಡೌನಿನಲ್ಲಿ ಸರಕು ಸಾಗಣೆಗೆ ಅನುಮತಿ ಇತ್ತಾದ್ದರಿಂದ ಈ ದಾರಿಯಲ್ಲಿ ಓಡಾಡಿದ್ದರು. "ಜನರನ್ನು ಹತ್ತಿಸಿಕೊಂಡರೆ ಗಾಡಿ ಸೀಜ್ ಮಾಡುತ್ತೇವೆ ಎನ್ನುತ್ತಿದ್ದರು, ತಂಗೀ. ಹತ್ತಿಸಿಕೊಳ್ಳದೆ ಹೋದರೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ." ದುಡ್ಡು ತೆಗೆದುಕೊಂಡಿರಾ ಎಂದು ಕೇಳಿದೆ. ಕೆಲವರಿಂದ ತೆಗೆದುಕೊಂಡೆ ಎಂದು ನೇರವಾಗಿ ಹೇಳಿದರು. ಡೀಸೆಲಿಗೆ ಬೇಕಿತ್ತು, ತಲೆಗೆ ಇನ್ನೂರರಂತೆ. ಮಗು ಇರುವ ಹೆಂಗಸರಿಂದ ತೆಗೆದುಕೊಳ್ಳಲಿಲ್ಲ. ಚೆಕ್‌ಪೋಸ್ಟಿಗೆ ಎರಡು ಫರ್ಲಾಂಗು ಮೊದಲು ಇಳಿಸಿ, ಹೊಲದೊಳಗಿನಿಂದ ಸುತ್ತಿ ಬರಲು ಹೇಳಿ, ಆಚೆ ಕಾಯುತ್ತಿದ್ದರಂತೆ. ಆ ಮನುಷ್ಯನ ಮೇಲೆ ನನಗೆ ಗೌರವ ಮೂಡಿತು.

ದಢೇಸುಗೂರಿನ ಹತ್ತಿರ ತುಂಗಭದ್ರೆ ದಾಟಿದರೆ ಎರಡೂ ಕಡೆ ಭತ್ತದ ಹಸಿರು. ಸಿಂಧನೂರು ಸೀಮೆಯಲ್ಲಿ ನಾಟಿಗೆ, ಕಳೆಗೆ ಕೆಲಸ ಸಿಗುತ್ತದೆ. ಹಾಗಿದ್ದೂ ನೀರಾವರಿಯ ಅಂಚಿನಾಚೆಯ ಒಣ ಊರುಗಳಿಂದ ಜನ ಬೆಂಗಳೂರು, ಗೋವಾ, ಪುಣೆ, ಮುಂಬೈಗೆ ಹೋಗುತ್ತಾರೆ. ಮಸ್ಕಿ, ಲಿಂಗಸುಗೂರು ದಾಟುವಾಗ ಬಸ್ಸು ಹಬ್ಬಕ್ಕೆ ಹೊರಟವರಿಂದ ತುಂಬಿತ್ತು. ಚೀಲಗಳಲ್ಲಿ ಮಕ್ಕಳಿಗೆ ಹೊಸ ಅಂಗಿ, ಸ್ಟೀಲಿನ ಡಬ್ಬಿ, ಒಬ್ಬನ ಮಡಿಲಲ್ಲಿ ಮಿಕ್ಸಿ.

ತಿಂಥಣಿಯಲ್ಲಿ ಇಳಿದು ಮೌನೇಶ್ವರನ ಗುಡಿಗೆ ಹೋದೆ. ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುವ ಕ್ಷೇತ್ರ. ಹೊಳೆಯ ದಂಡೆಯಲ್ಲಿ ಕುಳಿತಿದ್ದ ಮುದುಕರೊಬ್ಬರು, ಆ ಏಪ್ರಿಲಿನಲ್ಲಿ ಸೇತುವೆಯ ಮೇಲೆ ಕಾವಲಿತ್ತು, ಆಚೆ ದಂಡೆಗೆ ಬಂದು ತಲುಪಿದವರು ತಮ್ಮ ಊರಿನ ಗುಡ್ಡ ಕಾಣುವ ದೂರದಲ್ಲಿ ರಾತ್ರಿ ಕಳೆದರು ಎಂದರು. ಕತ್ತಲಾದ ಮೇಲೆ ಜೀಪಿನಲ್ಲಿ ಊರು ಸೇರಿದೆ. ಊರಿನ ಹೆಸರು ಬರೆಯುವುದಿಲ್ಲ. ಕಾರಣ ಮುಂದೆ ತಿಳಿಯುತ್ತದೆ.

ಬುಧವಾರ, ಯುಗಾದಿ

ಬೆಳಗ್ಗೆ ಬೇವು ಕೊಟ್ಟರು. ಈ ಕಡೆ ಬೇವೆಂದರೆ ಪಾನಕದಂತೆ ಕುಡಿಯುವುದು. ಬೇವಿನ ಹೂವು, ಹುಣಸೆ, ಬೆಲ್ಲ, ಪುಟಾಣಿ, ಕೊಬ್ಬರಿ ಎಲ್ಲ ಸೇರಿರುತ್ತದೆ. ಮಧ್ಯಾಹ್ನ ಹೋಳಿಗೆ. ಭಾನುವಾರ ಶೆಡ್ಡಿನಲ್ಲಿ ಚೀಲ ಕಟ್ಟುತ್ತಿದ್ದ ಹೆಣ್ಣುಮಗಳು ಹೊಸ ಸೀರೆಯುಟ್ಟು ಬಾಗಿಲಿಗೆ ಬಂದಳು. ಅವಳ ಅತ್ತೆ ನನ್ನನ್ನು ಒಳಗೆ ಕರೆದು ಕಂಬಳಿ ಹಾಸಿದರು.

ಊರಿನ ಬಾಯಿಯಲ್ಲಿ ಮೂರು ವರ್ಷದ ಹಿಂದೆ ಜಾಲಿ ಮುಳ್ಳಿನ ಬೇಲಿ ಬಿದ್ದಿತ್ತು. ಬೆಂಗಳೂರಿನಿಂದ ನಡೆದು, ಲಾರಿ ಹತ್ತಿ, ಮತ್ತೆ ನಡೆದು ಒಂಬತ್ತನೆಯ ದಿನ ಬಂದ ಮಗನನ್ನೂ ಸೊಸೆಯನ್ನೂ ಊರಿನವರು ಒಳಗೆ ಬಿಡಲಿಲ್ಲ. ಹೊಲದ ಗುಡಿಸಲಿನಲ್ಲಿ ಹದಿನಾಲ್ಕು ದಿನ. ಅತ್ತೆ ರೊಟ್ಟಿಯನ್ನು ಬದುವಿನ ಮೇಲೆ ಇಟ್ಟು ದೂರ ಸರಿಯುತ್ತಿದ್ದರು. "ಮೊಮ್ಮಗಳು ಓಡಿ ಬರುತ್ತಿದ್ದಳು, ನಾನು ಕಲ್ಲು ತೋರಿಸಿ ಹೆದರಿಸುತ್ತಿದ್ದೆ," ಎಂದು ಹೇಳುವಾಗ ಅವರ ದನಿ ನಡುಗಿತು. ಬೇಲಿ ಹಾಕಿದವರಲ್ಲಿ ಒಬ್ಬರು ಅಲ್ಲಿಯೇ ಕುಳಿತಿದ್ದರು. ಟಿವಿಯಲ್ಲಿ ಹೇಳಿದ್ದನ್ನು ಕೇಳಿ ಹೆದರಿದ್ದೆವು, ತಾಲ್ಲೂಕಿನ ಆಸ್ಪತ್ರೆಗೆ ಹೋಗಲೂ ಗಾಡಿ ಇರಲಿಲ್ಲ, ಊರಿಗೆ ಕಾಯಿಲೆ ಬಂದರೆ ಯಾರು ನೋಡುತ್ತಿದ್ದರು ಎಂದರು. ಅವರ ಮೇಲೆ ಕೋಪ ಮಾಡಿಕೊಳ್ಳಲು ನನ್ನಿಂದ ಆಗಲಿಲ್ಲ.

ಯಾದಗಿರಿ ಜಿಲ್ಲೆಯಲ್ಲಿ ಮೇ ತಿಂಗಳ ಮೊದಲ ವಾರ ಮುಗಿಯುವವರೆಗೂ ಒಂದೂ ಪ್ರಕರಣ ಇರಲಿಲ್ಲ. ಆಮೇಲೆ ಮಹಾರಾಷ್ಟ್ರದಿಂದ ಮರಳಿದವರಲ್ಲಿ ಸೋಂಕು ಕಂಡು, ಶಾಲೆ, ಹಾಸ್ಟೆಲುಗಳೆಲ್ಲ ಕ್ವಾರಂಟೈನ್ ಕೇಂದ್ರಗಳಾಗಿ ತುಂಬಿದವು. ಮುಂಬೈನ ಇಕ್ಕಟ್ಟಾದ ಖೋಲಿಗಳಲ್ಲಿ, ಹತ್ತಾರು ಜನಕ್ಕೊಂದು ಶೌಚಾಲಯ ಇರುವಲ್ಲಿ, ಏಪ್ರಿಲ್ ಪೂರ್ತಿ ಅವರನ್ನು ತಡೆದಿಟ್ಟು ಸೋಂಕು ಏರಿದ ಮೇಲೆ ಕಳಿಸಿದರು. ಮಾರ್ಚಿನಲ್ಲಿ ಒಂದು ವಾರ ಮುಂಚಿತವಾಗಿ ಹೇಳಿ ಬಸ್ಸು, ರೈಲು ಬಿಟ್ಟಿದ್ದರೆ ಇಷ್ಟು ಜನ ಸೋಂಕು ಹೊತ್ತು ಬರುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ಮೇ 18ರಂದು ರಾಜ್ಯ ಸರ್ಕಾರ ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳದಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಬಾಗಿಲು ಹಾಕಿತು. ತಾಂಡಾದ ಒಬ್ಬ ಹುಡುಗ ಹೇಳಿದ, ಅವನ ಅಣ್ಣ ಅತ್ತಿಗೆ ಆಗ ಸೊಲ್ಲಾಪುರದವರೆಗೆ ಬಂದು ನಿಂತಿದ್ದರಂತೆ. ಹಿಂದೆ ಹೋಗಲು ಮುಂಬೈನ ಖೋಲಿ ಖಾಲಿ ಮಾಡಿ ಬಂದಾಗಿತ್ತು, ಮುಂದೆ ತಮ್ಮದೇ ರಾಜ್ಯ ಬಿಡುತ್ತಿರಲಿಲ್ಲ.

ಆ ಬೇಸಿಗೆ ಊರನ್ನು ಉಳಿಸಿದ್ದು ಉದ್ಯೋಗ ಖಾತ್ರಿ ಎಂಬುದರಲ್ಲಿ ಇಲ್ಲಿ ಎರಡು ಮಾತಿಲ್ಲ. ಕೆರೆ ಹೂಳು, ಹೊಲದ ಬದು. ದಿನಕ್ಕೆ 275 ರೂಪಾಯಿ. ಬೆಂಗಳೂರಿನಲ್ಲಿ ಗಿಲಾವು ಮಾಡಿ 800 ಎಣಿಸುತ್ತಿದ್ದ ಗೌಂಡಿಯೂ ಗುದ್ದಲಿ ಹಿಡಿದ. ಆದರೆ ಆಗ ಕುಟುಂಬಕ್ಕೆ ವರ್ಷದಲ್ಲಿ 100 ದಿನ ಮಾತ್ರ ಇತ್ತು, ಗಂಡ, ಹೆಂಡತಿ, ಮಾವ ಮೂವರೂ ದುಡಿದರೆ ಅದು ಬೇಗ ಮುಗಿಯುತ್ತಿತ್ತು. ನೋಂದಾಯಿತ ಕಟ್ಟಡ ಕಾರ್ಮಿಕರಿಗೆ ರಾಜ್ಯ ಸರ್ಕಾರ ಮೊದಲು 2,000, ಮೇ ತಿಂಗಳಲ್ಲಿ ಇನ್ನೂ 3,000 ರೂಪಾಯಿ ಘೋಷಿಸಿತು. ಕಾರ್ಡು ಇದ್ದವರಿಗೆ ಬಂತು. ಈ ಮನೆಯವರ ಕಾರ್ಡಿನ ಅವಧಿ ಮುಗಿದಿತ್ತು.

ಅಕ್ಟೋಬರಿನಲ್ಲಿ ಮರಳಿ ಬೆಂಗಳೂರಿಗೆ ಹೋಗಲು ಕೈಯಲ್ಲಿ ಬಸ್ಸಿನ ದುಡ್ಡೂ ಇರಲಿಲ್ಲ. ಊರಿನ ಸಾಹುಕಾರರ ಬಳಿ ನೂರಕ್ಕೆ ಮೂರರ ತಿಂಗಳ ಬಡ್ಡಿಯಂತೆ ಸಾಲ ಮಾಡಿದರು. ಪುಸ್ತಕದಲ್ಲಿ ತಮ್ಮದೇ 38 ಸಾವಿರ ಬಾಕಿ ಇರುವಾಗ 40 ಸಾವಿರ ಸಾಲ. ಆ ಸಾಲದ ಅಸಲು ಇನ್ನೂ ಅರ್ಧ ಉಳಿದಿದೆ. ಲಾಕ್‌ಡೌನ್ ಮುಗಿದಿಲ್ಲ ಎಂದು ನನಗನ್ನಿಸಿದ್ದು ಇದರಿಂದಲೇ.

ಗುರುವಾರ, ಕರಿ

ಹಬ್ಬದ ಮರುದಿನ ಕರಿ. ಮೇಸ್ತ್ರಿ ಅವನಾಗಿಯೇ ಬಂದ. ನಲವತ್ತರ ಆಸುಪಾಸು, ಹೆಗಲ ಮೇಲೆ ಟವೆಲು. ನನ್ನನ್ನು ಕಂಡು ಅವನು ತಪ್ಪಿಸಿಕೊಳ್ಳುತ್ತಾನೆಂದು ಊರಿನವರು ಹೇಳಿದ್ದರು. ಆದರೆ ಅವನೇ ಮನೆಗೆ ಕರೆದು, ಟ್ರಂಕಿನಿಂದ ಹಾಜರಿ ಪುಸ್ತಕ ತೆಗೆದು ಮುಂದಿಟ್ಟ.

2020ರ ಸಂಕ್ರಾಂತಿಯಿಂದ ಮಾರ್ಚ್ 21ರವರೆಗೆ ಇಪ್ಪತ್ತಕ್ಕೂ ಹೆಚ್ಚು ಹೆಸರು. ಹೆಸರಿನ ಮುಂದೆ ದಿನಕ್ಕೊಂದು ಗೀಟು, ಅರ್ಧ ದಿನಕ್ಕೆ ಅಡ್ಡ ಗೀಟು, ಖರ್ಚಿಗೆ ಕೊಟ್ಟದ್ದು ಕೆಂಪು ಶಾಯಿಯಲ್ಲಿ. ಒಟ್ಟು ಬಾಕಿ ಐದು ಲಕ್ಷ ದಾಟುತ್ತಿತ್ತು. ಅವನಿಗೆ ಮೇಲಿನ ಗುತ್ತಿಗೆದಾರ ಕೊಟ್ಟದ್ದು ಅದರ ಕಾಲು ಭಾಗ, ಅದೂ 2020ರ ದೀಪಾವಳಿಯ ನಂತರ. ಅದನ್ನು ಎಲ್ಲರಿಗೂ ಹಂಚಿದ್ದೇನೆ ಎಂದು ಪುಟ ತೋರಿಸಿದ. ಗುತ್ತಿಗೆದಾರನಿಗೆ ಬಿಲ್ಡರು ಕೊಡಲಿಲ್ಲವಂತೆ, ಬಿಲ್ಡರಿಗೆ ಮನೆ ಕೊಳ್ಳುವವರ ಕಂತು ಬರಲಿಲ್ಲವಂತೆ. ಮೇಲಿನಿಂದ ಕೆಳಗೆ ಪ್ರತಿಯೊಬ್ಬರೂ ತಮಗೆ ಬಾರದ ಹಣವನ್ನು ತೋರಿಸಿದರು. ಕೊನೆಗೆ ತೋರಿಸಲು ಯಾರೂ ಇಲ್ಲದವರು ಇಟ್ಟಿಗೆ ಹೊತ್ತವರು.

"ಊರಲ್ಲಿ ನನ್ನನ್ನು ಕಳ್ಳ ಎನ್ನುತ್ತಾರೆ, ಅಕ್ಕಾ. ನನ್ನ ಎತ್ತು ಮಾರಿ ಎರಡು ಮನೆಯ ಲೆಕ್ಕ ತೀರಿಸಿದೆ. ಇನ್ನು ಮಾರಲು ಹೊಲ ಇದೆ, ಅದನ್ನು ಮಾರಲಾರೆ." ಅವನ ಮಾತನ್ನು ಊರಿನವರ ಬಳಿ ಕೇಳಿ ನೋಡಿದೆ. ಎತ್ತು ಮಾರಿದ್ದು ನಿಜ.

2021ರ ಏಪ್ರಿಲ್ 26ರಂದು ರಾಜ್ಯ ಸರ್ಕಾರ ಮರುದಿನ ರಾತ್ರಿಯಿಂದ ಕರ್ಫ್ಯೂ ಎಂದಾಗ ಇವರು ಯಾರೂ ಲೆಕ್ಕ ಕೇಳಲು ನಿಲ್ಲಲಿಲ್ಲ. ಆ ವಾರದ ಕೂಲಿಯನ್ನೂ ಬಿಟ್ಟು, ಸಿಕ್ಕ ಬಸ್ಸು ಹತ್ತಿದರು. ಹಿಂದಿನ ವರ್ಷ ನಡೆದ ದಾರಿ ಕಾಲಿನಲ್ಲಿ ಇನ್ನೂ ಇತ್ತು ಎಂದಳು ಶೆಡ್ಡಿನಲ್ಲಿ ಕಂಡಿದ್ದ ಹೆಣ್ಣುಮಗಳು. ಆ ಸಲ ಸೈಟಿನಲ್ಲೇ ಉಳಿದರೆ ಕೆಲಸ ಮಾಡಬಹುದು ಎಂಬ ವಿನಾಯಿತಿ ಇತ್ತು. ಉಳಿಯುವ ಧೈರ್ಯ ಯಾರಿಗೂ ಬರಲಿಲ್ಲ.

ಸಂಜೆ ಬೆಂಗಳೂರಿನ ಒಬ್ಬ ವಕೀಲೆಗೆ ಫೋನು ಮಾಡಿದೆ. ಅವರು ಹೇಳಿದ್ದನ್ನು ಕಟ್ಟೆಯ ಮೇಲೆ ಕುಳಿತಿದ್ದವರಿಗೆ ಸ್ಪೀಕರ್ ಹಾಕಿ ಕೇಳಿಸಿದೆ. ಆಗ ಜಾರಿಯಲ್ಲಿದ್ದ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ ಪ್ರಕಾರ ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕಿತ್ತು, ಬೇಕಾದರೆ ಅವನು ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬಹುದಿತ್ತು. ಆಗಿನ ವೇತನ ಪಾವತಿ ಕಾಯ್ದೆಯಲ್ಲಿ ದೂರು ಕೊಡಲು 12 ತಿಂಗಳ ಗಡುವು ಇತ್ತು. ತಡವಾದದ್ದಕ್ಕೆ ಸಕಾರಣ ತೋರಿಸಿದರೆ ಅಧಿಕಾರಿ ಮನ್ನಿಸಬಹುದಿತ್ತು. ಕೆಲಸ ನಡೆದ ಜಾಗ ಬೆಂಗಳೂರು, ಆದ್ದರಿಂದ ದೂರು ಅಲ್ಲಿಯೇ. ಸಾಕ್ಷಿಗೆ ಈ ಹಾಜರಿ ಪುಸ್ತಕ ತುಂಬ ಮುಖ್ಯ.

ಕಟ್ಟೆಯ ಮೇಲೆ ಒಂದು ಕ್ಷಣ ಎಲ್ಲರೂ ಒಟ್ಟಿಗೆ ಮಾತಾಡಿದರು. ಮೂರು ವರ್ಷದಲ್ಲಿ ಯಾರೂ ಇವರಿಗೆ ಇದನ್ನು ಹೇಳಿರಲಿಲ್ಲ. ಲೇಬರ್ ಕಾರ್ಡು ಮಾಡಿಸುವ ಶಿಬಿರ ಬಂದಿತ್ತು, ಲಸಿಕೆಯ ಗಾಡಿ ಬಂದಿತ್ತು, ಮತಯಾಚನೆಗೆ ಜೀಪುಗಳು ಈಗಾಗಲೇ ಬರಲು ಶುರುವಾಗಿದ್ದವು. "ವೋಟು ಹಾಕಲು ಬೆಂಗಳೂರಿಗೆ ಬಸ್ಸು ಕಳಿಸಿ ಕರೆಸಿಕೊಳ್ಳುತ್ತಾರೆ, ಆವತ್ತು ಮಾತ್ರ ನಾವು ಎಲ್ಲಿದ್ದೇವೆ ಎಂದು ಎಲ್ಲರಿಗೂ ಗೊತ್ತಿರುತ್ತದೆ," ಎಂದ ತಾಂಡಾದ ಹುಡುಗ.

ಶುಕ್ರವಾರ, ಊರಿನಿಂದ ಸುರಪುರಕ್ಕೆ

ಬೆಳಗ್ಗೆಯಿಂದ ಅರ್ಜಿ ಬರೆಯಲು ಕುಳಿತೆವು. ಹೆಸರು, ಎಷ್ಟು ದಿನ, ದಿನಕ್ಕೆ ಎಷ್ಟು, ಎಷ್ಟು ಬಂತು, ಎಷ್ಟು ಬಾಕಿ. ಪುಸ್ತಕದ ಪುಟಗಳನ್ನು ಮೊಬೈಲಿನಲ್ಲಿ ಫೋಟೊ ತೆಗೆದೆ.

ಸಹಿ ಹಾಕುವ ಹೊತ್ತಿಗೆ ಅರ್ಧದಷ್ಟು ಜನ ಹಿಂದೆ ಸರಿದರು. ಅದೇ ಗುತ್ತಿಗೆದಾರನ ಇನ್ನೊಂದು ಸೈಟಿನಲ್ಲಿ ಈಗ ಕೆಲಸ ನಡೆದಿದೆ, ರಾತ್ರಿಯ ಬಸ್ಸಿಗೆ ಅಲ್ಲಿಗೇ ಹೊರಟಿದ್ದಾರೆ. ಹೆಸರು ಕೊಟ್ಟರೆ ಶನಿವಾರ ಗೇಟಿನಲ್ಲೇ ನಿಲ್ಲಿಸುತ್ತಾರೆ ಎಂಬ ಅವರ ಅಂಜಿಕೆ ಸುಳ್ಳಲ್ಲ. ಊರಿನ ಹೆಸರನ್ನು ನಾನು ಇಲ್ಲಿ ಬರೆಯದಿರುವುದಕ್ಕೂ ಅದೇ ಕಾರಣ. ಒತ್ತಾಯ ಮಾಡಲಿಲ್ಲ. ಹಬ್ಬಕ್ಕೆಂದು ಬೆಂಗಳೂರಿನಿಂದ ಬಂದು, ಇನ್ನು ಅತ್ತ ಹೋಗುವುದಿಲ್ಲ, ಈ ವರ್ಷ ಖಾತ್ರಿ ಕೆಲಸಕ್ಕೇ ಹೋಗುತ್ತೇವೆ, ದಿನಕ್ಕೆ 309 ಸಾಕು ಎಂದು ತೀರ್ಮಾನಿಸಿದ್ದ ಹೆಂಗಸರು ಮೊದಲು ಮುಂದೆ ಬಂದರು. ಆ ಹೆಣ್ಣುಮಗಳ ಗಂಡ ಹೊರಡುವವನಾಗಿದ್ದ, ಅವಳು ಮಗಳ ಶಾಲೆಗಾಗಿ ಉಳಿಯುವವಳಾಗಿದ್ದಳು. ಇಬ್ಬರ ಪರವಾಗಿ ಅವಳ ಹೆಸರಿನಲ್ಲೇ ಬರೆಯಿರಿ ಎಂದ. ಅವಳು ತನ್ನ ಹೆಸರನ್ನು ತಾನೇ ನಿಧಾನವಾಗಿ ಬರೆದಳು. ಅತ್ತೆ ಪಕ್ಕದಲ್ಲಿ ನಿಂತು, ಗಂಡನ ಬಾಕಿಯನ್ನು ಬೇರೆ ಸಾಲಿನಲ್ಲಿ ಬರೆಸು, ಕೂಡಿಸಿ ಬರೆದರೆ ಒಂದೇ ಕೂಲಿ ಎಂದು ಹಿಡಿದುಬಿಡುತ್ತಾರೆ ಎಂದು ಎಚ್ಚರಿಸಿದರು. ಆ ಮಾತು ಸರಿಯಾಗಿತ್ತು. ಎಲ್ಲ ದಂಪತಿಗಳ ಲೆಕ್ಕವನ್ನೂ ಬೇರೆ ಬೇರೆ ಸಾಲಿಗೆ ಹಾಕಿ ಇನ್ನೊಂದು ಹಾಳೆಯಲ್ಲಿ ಹೊಸದಾಗಿ ಬರೆದೆವು.

ಮೇಸ್ತ್ರಿ ಮಧ್ಯಾಹ್ನದವರೆಗೂ ದೂರ ಕುಳಿತಿದ್ದ. ಪುಸ್ತಕ ಕೊಟ್ಟಿದ್ದೇನೆ, ಅಷ್ಟು ಸಾಕು ಎನ್ನುತ್ತಿದ್ದ. ಅರ್ಜಿಯನ್ನು ಮಡಚಿ ಚೀಲಕ್ಕೆ ಹಾಕುವಾಗ ಎದ್ದು ಬಂದ. ಅವನದೂ ಆ ಸೈಟಿನಲ್ಲಿ 63 ದಿನದ ಗೌಂಡಿ ಕೂಲಿ ಬಾಕಿ ಇತ್ತು. ಪುಸ್ತಕದ ಕೊನೆಯ ಪುಟದಲ್ಲಿ ತನ್ನ ಹೆಸರಿನ ಮುಂದೆ ಗೀಟು ಹಾಕಿಕೊಂಡಿದ್ದ.

"ನನ್ನ ಹೆಸರನ್ನೂ ಬರೆಯಿರಿ, ಅಕ್ಕಾ. ಮೇಲೆ ಬೇಡ, ಎಲ್ಲರದೂ ಆದ ಮೇಲೆ ಕೆಳಗೆ."

ಬರೆದುಕೊಂಡೆ. ಸುರಪುರದಲ್ಲಿ ಬಸ್ಸು ಹತ್ತುವ ಮೊದಲು ಅರ್ಜಿಯ ಮೂರು ಜೆರಾಕ್ಸ್ ಪ್ರತಿ ಮಾಡಿಸಿ, ಒಂದನ್ನು ಆ ಹೆಣ್ಣುಮಗಳ ಕೈಗೆ ಕೊಟ್ಟು, ಸೋಮವಾರ ವಕೀಲೆಯನ್ನು ಕಂಡ ಮೇಲೆ ಫೋನು ಮಾಡುತ್ತೇನೆಂದು ಹೇಳಿ ಹೊರಟೆ.